ಬೆಳ್ಳಗಿದ್ದದ್ದೆಲ್ಲ ಬೂಷ್ಟಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾನು ಕಾರವಾರದ ಕೋಡಿಬಾಗದವನು. ಅಪ್ಪ ಮುಂಬೈ ವಿಮಾನ ನಿಲ್ದಾಣದಲ್ಲಿ ಲೋಡರ್ ಆಗಿ ದುಡಿದವರು. ಏರ್ ಇಂಡಿಯಾದ ಬೋಯಿಂಗ್ 707 ಅಂದರೆ ಅವರಿಗೆ ಪ್ರಾಣ. ಅವರ ನೆನಪಿಗೆ ಅಂತ 1/144 ಅಳತೆಯ (ಅಸಲಿಗಿಂತ 144 ಪಟ್ಟು ಚಿಕ್ಕದು) ಪ್ಲಾಸ್ಟಿಕ್ ಮಾಡೆಲ್ ಕಿಟ್ ತರಿಸಿ, 1960ರ ಮೊದಲ ತಂಡದ 707 ಕಟ್ಟಿದೆ. ಚಕ್ರದ ಮೇಲೆ ನಿಲ್ಲಿಸಿದರೆ ಬಾಲ ನೆಲಕ್ಕೆ ಕೂತು ಮೂತಿ ಮೇಲೇಳುತ್ತಿತ್ತು. ಅದಕ್ಕೆ ಮೂತಿಯೊಳಗೆ ಬೀಸುಬಲೆಯ ಸೀಸದ ಗುಂಡು ತುಂಬಿ, ಮೇಲೆ ಮರಗೆಲಸದ ಬಿಳಿ ಗೋಂದು ಸುರಿದು ಮುಚ್ಚಿದೆ. ಬಣ್ಣ ಹೊಡೆದದ್ದು ಜುಲೈನಲ್ಲಿ. ಹೊಳಪು ಬರಲಿ ಅಂತ ಸ್ಪ್ರೇ ಡಬ್ಬಿಯಿಂದ ಕ್ಲಿಯರ್ ಲ್ಯಾಕರ್ ಹೊಡೆದರೆ ಬೆಳ್ಳಿ ರೆಕ್ಕೆಗೆಲ್ಲ ಮಂಜು ಕವಿದ ಹಾಗಾಯಿತು. ಹೆದರಿ, ಒಡಲಿನ ಬಿಳಿ ಭಾಗಕ್ಕೆ ಬಾಗಿಲಿಗೆ ಬಳಿಯುವ ವಾರ್ನಿಶ್ಶನ್ನೇ ಬ್ರಷ್‌ನಲ್ಲಿ ಹಚ್ಚಿದೆ. ಅದು ಈಗ ಹಳದಿ ತಿರುಗಿದೆ.

ಬಣ್ಣ ಮಾಸದಿರಲಿ ಅಂತ ಬಾಗಿಲು ಹಾಕಿದ ಕಪಾಟಿನಲ್ಲಿ ಇಟ್ಟು ಮೂರು ಮಳೆಗಾಲ ಕಳೆಯಿತು. ಈಗ ಮೂತಿ ಬಿರುಕು ಬಿಟ್ಟಿದೆ. ಮೇಲೆ ಕೂದಲೆಳೆಯಷ್ಟು, ಹೊಟ್ಟೆಯ ಕಡೆ ಉಗುರು ಹೋಗುವಷ್ಟು. ಒಳಗಿಂದ ಬಿಳಿ ಹಿಟ್ಟು ಉದುರುತ್ತಿದೆ. ಕಾಕ್‌ಪಿಟ್ ಗಾಜಿನ ಅಂಚು ಬೆಳ್ಳಗಾಗಿದೆ. ಸ್ಟ್ಯಾಂಡಿನ ಮೇಲೆ ಹತ್ತಿಯಂಥ ಬೂಷ್ಟು. ಡೆಕಾಲ್‌ಗಳ (ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರ, ಪಟ್ಟಿಗಳು) ಸುತ್ತ ಬೆಳ್ಳಿ ನೆರಳು. ಗೆಳೆಯರು 'ಬೂಷ್ಟು ಪ್ಲಾಸ್ಟಿಕ್ಕನ್ನೂ ತಿನ್ನುತ್ತೆ, ಸಮುದ್ರದ ಪಕ್ಕ ಇದೆಲ್ಲ ಆಗೋ ಕೆಲಸ ಅಲ್ಲ, ಶಿರಸಿಯ ತಂಗಿ ಮನೆಗೆ ಕಳಿಸಿಬಿಡು' ಅಂತಾರೆ. ಹೆಂಡತಿ 'ಬಿಸಿಲಿಗಿಡಿ' ಅಂತಾಳೆ. ಮುಂದೆ ಏರ್ ಇಂಡಿಯಾದ 747 ಕಟ್ಟುವ ಆಸೆ ಇದೆ. ಕಟ್ಟಲೋ, ಕೈಬಿಡಲೋ?

ಉತ್ತರ: ಕೈಬಿಡಬೇಡಿ. ಆದರೆ 747ರ ಮಾತು ಆಮೇಲೆ. ಮೊದಲು ಆ ಮೂತಿಯಿಂದ ಉದುರುತ್ತಿರುವ ಹಿಟ್ಟಿನ ವಿಷಯ. ಅದನ್ನು ಬಾಯಲ್ಲಿ ಊದಬೇಡಿ, ಬರಿಗೈಯಲ್ಲಿ ಒರೆಸಬೇಡಿ, ಮಕ್ಕಳ ಕೈಗೆ ಮಾಡೆಲ್ ಕೊಡಬೇಡಿ. ಅದು ಬೂಷ್ಟಲ್ಲ, ಸೀಸದ ವಿಷ.

ನೀವು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ವಿಮಾನದ ಮೇಲೆ ನಾಲ್ಕು ಥರದ ಬಿಳಿ ಇದೆ. ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ. ನಿಮ್ಮ ಗೆಳೆಯರು ನಾಲ್ಕನ್ನೂ ಒಟ್ಟು ಸೇರಿಸಿ ಸಮುದ್ರದ ತಲೆಗೆ ಕಟ್ಟಿದ್ದಾರೆ. ಕರಾವಳಿಯಲ್ಲಿ ಏನು ಹಾಳಾದರೂ 'ಉಪ್ಪು ಗಾಳಿ' ಅಂದುಬಿಡುವುದು ನಮಗೆ ರೂಢಿ. ಇಲ್ಲಿ ಉಪ್ಪಿನ ಪಾಲು ತೀರಾ ಕಡಿಮೆ.

ಮೂತಿಯಲ್ಲಿ ನಡೆದದ್ದು ಇದು. ಮರಗೆಲಸದ ಬಿಳಿ ಗೋಂದು ಪಾಲಿವಿನೈಲ್ ಅಸಿಟೇಟ್ ಎಂಬ ವಸ್ತು. ಅದು ಒಣಗಿದ ಮೇಲೂ ವರ್ಷಗಟ್ಟಲೆ ಸಣ್ಣಗೆ ಅಸಿಟಿಕ್ ಆಮ್ಲದ ಆವಿ ಬಿಡುತ್ತಿರುತ್ತದೆ. ಅಂದರೆ ವಿನೆಗರ್‌ನಲ್ಲಿರುವ ಹುಳಿಯೇ. ಆ ಆವಿ ಸೀಸವನ್ನು ಮುಟ್ಟಿದರೆ ಲೆಡ್ ಅಸಿಟೇಟ್ ಆಗುತ್ತದೆ. ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಸೇರಿ ಅದು ಲೆಡ್ ಕಾರ್ಬೊನೇಟ್ ಆಗುತ್ತದೆ. ಅದೇ ಆ ಬಿಳಿ ಹಿಟ್ಟು. ಕಿರಿಕಿರಿ ಇರುವುದು ಎರಡು ಕಡೆ. ಒಂದು, ಈ ಹಿಟ್ಟು ಮೂಲ ಸೀಸಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಮುಚ್ಚಿದ ಮೂತಿಯೊಳಗೆ ಜಾಗ ಎಲ್ಲಿದೆ? ಒಡಲನ್ನೇ ಒಳಗಿಂದ ತಳ್ಳುತ್ತದೆ, ಎರಡು ಹೋಳು ಸೇರಿಸಿದ ಗೆರೆಯಲ್ಲಿ ಬಾಯಿ ಬಿಡುತ್ತದೆ. ಎರಡು, ಕಾರ್ಬೊನೇಟ್ ಆಗುವಾಗ ಆ ಹುಳಿ ಮತ್ತೆ ಬಿಡುಗಡೆಯಾಗುತ್ತದೆ. ಹೊಸ ಸೀಸವನ್ನು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಒಮ್ಮೆ ಶುರುವಾದದ್ದು ತಾನಾಗಿ ನಿಲ್ಲುವುದಿಲ್ಲ. ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಪುಟ್ಟಿಯ ಪಕ್ಕದಲ್ಲೇ ಇನ್ನೊಂದು ಬಿರುಕು.

ಒಣ ಊರುಗಳಲ್ಲೂ ಇದು ಆಗುತ್ತದೆ. ಹಳೆಯ ಹಡಗಿನ ಮಾಡೆಲ್‌ಗಳನ್ನು ಕಾಪಾಡುವ ಮ್ಯೂಸಿಯಮ್‌ನವರಿಗೆ ಸೀಸದ ಈ ರೋಗ ಹಳೆಯ ತಲೆನೋವು. ಅಲ್ಲಿ ಹುಳಿ ಬರುವುದು ಹೆಚ್ಚಾಗಿ ಮರದ ಪೆಟ್ಟಿಗೆಯಿಂದ. ನಮ್ಮ ತೇವ ಮಾಡಿದ್ದು ಇಷ್ಟೇ, ಹತ್ತು-ಹದಿನೈದು ವರ್ಷ ಹಿಡಿಯಬಹುದಾದ ಕೆಲಸವನ್ನು ಮೂರು ಮಳೆಗಾಲಕ್ಕೆ ಇಳಿಸಿತು.

ಈಗ ಏನು ಮಾಡಬಹುದು? ಏನೂ ಮಾಡದೆ ಗಾಜಿನೊಳಗೆ ಇಟ್ಟುಬಿಡುವುದು ಒಂದು ದಾರಿ. ನಾನು ಬೇಡ ಅನ್ನುತ್ತೇನೆ. ಮೇಲಿನ ಕೂದಲೆಳೆ ಬಿರುಕು ಕಾಕ್‌ಪಿಟ್ ಗಾಜಿಗೆ ತಾಗಿದರೆ ಆಮೇಲೆ ಉಳಿಸಿಕೊಳ್ಳುವುದು ಕಷ್ಟ. ಇನ್ನೊಂದು, ಮುಂದಿನ ಬಾಗಿಲಿನ ಹತ್ತಿರ ಸಣ್ಣ ಗರಗಸದಲ್ಲಿ ಮೂತಿಯನ್ನೇ ಕೊಯ್ದು ತೆಗೆದು, ಒಳಗೆಲ್ಲ ಶುದ್ಧ ಮಾಡಿ ಮತ್ತೆ ಕೂರಿಸುವುದು. ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ, ಆದರೆ ಕಿಟಕಿ ಸಾಲಿನ ಕೆಂಪು ಪಟ್ಟಿ ಅದೇ ಜಾಗದಲ್ಲಿ ತುಂಡಾಗುತ್ತದೆ. ಅದೇ ಕೆಂಪು ಮತ್ತೆ ಸಿಗುವುದು ಅನುಮಾನ. ನಿಮ್ಮ ಪ್ರಕರಣದಲ್ಲಿ ನಾನಾದರೆ ಹೊಟ್ಟೆಯಿಂದಲೇ ಒಳಗೆ ಇಳಿಯುತ್ತೇನೆ. ಮುಂದಿನ ಚಕ್ರದ ಗುಂಡಿಯಿಂದ ಹಿಂದಕ್ಕೆ, ಎರಡು ಬೆರಳು ಉದ್ದ, ಒಂದು ಬೆರಳು ಅಗಲ ಒಂದು ಆಯತ ಕೊಯ್ಯಿರಿ. ಹೊಸ ಬ್ಲೇಡ್ ಹಾಕಿ, ಒತ್ತದೆ, ಹತ್ತಾರು ಸಲ ಗೀರುತ್ತಾ ಹೋಗಿ. ಬಿರುಕು ಹೇಗೂ ಅಲ್ಲೇ ಇದೆ. ಅಲ್ಲಿ ಡೆಕಾಲ್ ಇಲ್ಲ, ಬೆಳ್ಳಿ ಬಣ್ಣ ಒಂದೇ. ಮುಚ್ಚಿದ ಮೇಲೆ ಮೇಜಿನ ಮೇಲೆ ನಿಂತ ವಿಮಾನದ ಹೊಟ್ಟೆಯನ್ನು ಯಾರು ಬಗ್ಗಿ ನೋಡುತ್ತಾರೆ?

ಈ ಕೆಲಸ ಮಾಡುವಾಗ ಕೈಗವಸು ಹಾಕಿ. ಮುಖಕ್ಕೆ ಎನ್95 ಮಾಸ್ಕ್. ಹಿಟ್ಟನ್ನು ಒಣಗಿದಂತೆ ಕೆರೆಯಬೇಡಿ, ನೀರು ಚಿಮುಕಿಸಿ ಹಸಿ ಮಾಡಿಕೊಂಡು ತೆಗೆಯಿರಿ. ಕೆಳಗೆ ಹಳೆಯ ಪೇಪರ್ ಹಾಸಿ, ಮುಗಿದ ಮೇಲೆ ಗುಂಡು, ಹಿಟ್ಟು, ಪೇಪರ್, ಒರೆಸಿದ ಬಟ್ಟೆ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ. ನಗರಸಭೆಯ ಕಸದವರಿಗೆ ಅಪಾಯಕಾರಿ ಕಸ ಅಂತ ಹೇಳಿ ಬೇರೆಯಾಗಿಯೇ ಕೊಡಿ. ಬಾವಿಕಟ್ಟೆಯ ಹತ್ತಿರ, ತೆಂಗಿನ ಬುಡಕ್ಕೆ ಅಂತ ಎಲ್ಲೂ ಸುರಿಯಬೇಡಿ. ಅಡುಗೆಮನೆಯ ಸಿಂಕಿನಲ್ಲಿ ಕೈ ತೊಳೆಯುವುದೂ ಬೇಡ. ಗೋಡೆಗೆ ಅಂಟಿದ ಹಳೆಯ ಗೋಂದು ಸ್ವಲ್ಪವೂ ಉಳಿಯಬಾರದು. ಬಿಸಿ ಅಲ್ಲದ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಸುಲಿದು ಬರುತ್ತದೆ.

ಸೀಸದ ಬದಲು ಏನು? ನನ್ನ ಆಯ್ಕೆ ಹಿತ್ತಾಳೆಯ ನಟ್ಟು, ಎರಡು ಟ್ಯೂಬಿನ ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿ. ಸೀಸದ ಸಾಂದ್ರತೆ 11.3, ಹಿತ್ತಾಳೆಯದು ಸುಮಾರು 8.5. ಹಾಗಾಗಿ ಅಷ್ಟೇ ತೂಕಕ್ಕೆ ಜಾಗ ಸ್ವಲ್ಪ ಜಾಸ್ತಿ ಬೇಕು. ಸೈಕಲ್ ಬೇರಿಂಗಿನ ಉಕ್ಕಿನ ಗುಂಡು ಅಗ್ಗ, ಆದರೆ ಕಾರವಾರದಲ್ಲಿ ಅದು ತುಕ್ಕು ಹಿಡಿಯದೆ ಇರುತ್ತದೆ ಅನ್ನುವ ಭರವಸೆ ನನಗಿಲ್ಲ. ತುಕ್ಕು ಕೂಡ ಉಬ್ಬುತ್ತದೆ, ಮತ್ತೆ ಅದೇ ಕಥೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, 19.3. ಅದರ ಪುಟ್ಟಿ ಸಿಗುತ್ತದೆ, ದುಬಾರಿ. 707ರ ಒಡಲಿನ ಅಗಲ 3.76 ಮೀಟರ್. 1/144ರಲ್ಲಿ 26 ಮಿಲಿಮೀಟರ್ ಆಯಿತು. ಅಷ್ಟು ಜಾಗದಲ್ಲಿ ಹಿತ್ತಾಳೆ ಧಾರಾಳ ಸಾಕು. ಮೂತಿಯ ತುದಿಗೆ ಎಷ್ಟು ಹತ್ತಿರ ಇಡುತ್ತೀರೋ ಅಷ್ಟು ಕಡಿಮೆ ತೂಕ ಸಾಕಾಗುತ್ತದೆ ಅನ್ನುವುದು ನೆನಪಿರಲಿ. ಎಪಾಕ್ಸಿಯನ್ನು ಒಂದೇ ಸಲ ಜಾಸ್ತಿ ಸುರಿಯಬೇಡಿ. ಗಟ್ಟಿಯಾಗುವಾಗ ಬಿಸಿ ಏರಿ ತೆಳು ಪ್ಲಾಸ್ಟಿಕ್ ಸೊಟ್ಟಗಾದೀತು. ಎರಡು-ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ.

ತೂಕವೇ ಬೇಡ ಅಂದರೆ ಬಾಲದ ಕೆಳಗೆ ಒಂದು ಪಾರದರ್ಶಕ ಕಡ್ಡಿ ಊರುಗೋಲಾಗಿ ನಿಲ್ಲಿಸಿ. ನಾಚಿಕೆ ಪಡಬೇಕಾಗಿಲ್ಲ. ರಷ್ಯಾದ ಇಲ್ಯೂಷಿನ್ 62ರ ನಾಲ್ಕೂ ಎಂಜಿನ್ ಹಿಂದೆ ಇದ್ದವು. ನಿಲ್ದಾಣದಲ್ಲಿ ಖಾಲಿ ನಿಂತಾಗ ಹಿಂದಕ್ಕೆ ಕೂರಬಾರದು ಅಂತ ನಿಜವಾದ ವಿಮಾನದ ಬಾಲಕ್ಕೇ ಮಡಚುವ ಊರುಗೋಲು, ಅದಕ್ಕೆ ಪುಟ್ಟ ಚಕ್ರ ಇಟ್ಟಿದ್ದರು.

ಎರಡನೆಯ ಬಿಳಿ, ರೆಕ್ಕೆಯ ಮೇಲಿನ ಮಂಜು. ಇದರ ಹೊಣೆ ಜುಲೈ ತಿಂಗಳದ್ದು. ಲ್ಯಾಕರ್‌ನ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಸ್ಪ್ರೇ ಡಬ್ಬಿಯ ಅನಿಲ ಅದನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿ ತುಳುಕುವಾಗ ಅಷ್ಟು ತಂಪು ಸಾಕು, ಹಸಿ ಬಣ್ಣದ ಮೇಲೆ ಇಬ್ಬನಿ ಕೂರುತ್ತದೆ. ಬಣ್ಣ ಒಣಗುವಾಗ ಆ ನೀರು ಒಳಗೇ ಸಿಕ್ಕಿಕೊಂಡು ಪದರ ಹಾಲಿನ ಹಾಗೆ ಕಾಣುತ್ತದೆ. ಬಿಳಿ ಬಣ್ಣದ ಮೇಲೆ ಹೊಡೆದರೂ ಹೀಗೇ ಆಗುತ್ತದೆ, ಕಾಣುವುದಿಲ್ಲ ಅಷ್ಟೇ. ಬಟ್ಟೆಯಿಂದ ಒರೆಸಿದರೆ ಹೋಗದು, ಏಕೆಂದರೆ ಅದು ಪದರದ ಮೇಲಿಲ್ಲ, ಒಳಗಿದೆ.

ಸಮಾಧಾನದ ಸಂಗತಿ ಅಂದರೆ ಇದು ವಾಸಿಯಾಗುವಂಥದ್ದು. ಒಣ ದಿನ ನೋಡಿ ಅದೇ ಕ್ಲಿಯರ್ ಲ್ಯಾಕರನ್ನು ಇನ್ನೊಂದು ತೆಳು ಪದರ ಹೊಡೆಯಿರಿ. ಹೊಸ ಥಿನ್ನರ್ ಹಳೆಯ ಪದರವನ್ನು ಕರಗಿಸುತ್ತದೆ, ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಾಗುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ಇದ್ದವರು, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೆರೆಸಿದ ಲೆವೆಲಿಂಗ್ ಥಿನ್ನರನ್ನೇ ಬರಿದಾಗಿ, ದೂರದಿಂದ, ಹನಿಹನಿಯಾಗಿ ಹಾಯಿಸುತ್ತಾರೆ. ಅಪಾಯ ಎರಡಿವೆ. ಕೆಳಗಿನ ಬೆಳ್ಳಿ ಬಣ್ಣ ಎನಾಮೆಲ್ ಅಥವಾ ಅಕ್ರಿಲಿಕ್ ಆಗಿದ್ದರೆ ಲ್ಯಾಕರ್ ಥಿನ್ನರ್ ಅದನ್ನು ಸುಕ್ಕುಗಟ್ಟಿಸಬಹುದು. ಡೆಕಾಲ್ ಮೇಲೆ ಹಸಿಯಾಗಿ ಬಿದ್ದರೆ ಅದೂ ಮುದುಡೀತು. ಮೊದಲು ರೆಕ್ಕೆಯ ಅಡಿಭಾಗದಲ್ಲಿ, ಎಂಜಿನ್ ಹಿಂದೆ, ಒಂದು ಬೆರಳಗಲ ಜಾಗದಲ್ಲಿ ಪರೀಕ್ಷೆ ಮಾಡಿ.

ಒಣ ದಿನ ಯಾವುದು ಅಂತ ಊಹಿಸುವ ಬದಲು ಗಾಳಿಯ ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ತಂದಿಟ್ಟುಕೊಳ್ಳಿ. ಆರ್ದ್ರತೆ 75 ಶೇಕಡಾ ದಾಟಿದರೆ ನಾನು ಲ್ಯಾಕರ್ ಡಬ್ಬಿ ಮುಟ್ಟುವುದಿಲ್ಲ. ಜುಲೈನ ಕಾರವಾರದಲ್ಲಿ ಅದು 90ರ ಆಸುಪಾಸು ಇರುತ್ತದೆ, ಎಸಿ ಇಲ್ಲದೆ ಮಾಡುವ ಮಾತೇ ಇಲ್ಲ. ಎಸಿ ಇದ್ದರೆ 'ಡ್ರೈ' ಎಂಬ ಬಟನ್ ಇರುತ್ತದೆ. ಹೊಡೆಯುವ ಮೊದಲು ಒಂದು ತಾಸು ಅದರಲ್ಲಿ ಓಡಿಸಿ. ಆದರೆ ಮುಚ್ಚಿದ ಕೋಣೆಯಲ್ಲಿ ಥಿನ್ನರ್ ಹೊಗೆ ತಲೆಗೇರುತ್ತದೆ, ಬೆಂಕಿಯ ಭಯವೂ ಇದೆ. ಹೊಗೆ ಹೊರಗೆಳೆಯುವ ಬೂತ್ ಇಲ್ಲದೆ ಅಲ್ಲಿ ಹೊಡೆಯಬೇಡಿ. ಬೂತ್ ಇಲ್ಲದವರಿಗೆ ನನ್ನ ಸಲಹೆ: ಮಳೆಗಾಲದಲ್ಲಿ ಕೊಯ್ಯುವ, ಅಂಟಿಸುವ, ಪುಟ್ಟಿ ಉಜ್ಜುವ ಕೆಲಸ. ಬಣ್ಣ ಡಿಸೆಂಬರ್ ಜನವರಿಗೆ. ಆಗ ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಬರುತ್ತದೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಸಮುದ್ರ ಗಾಳಿ ಏಳುವ ಮೊದಲು ಎರಡು-ಮೂರು ತಾಸು ಸಿಗುತ್ತದೆ ನೋಡಿ, ಅದು ನಮ್ಮ ಕರಾವಳಿಯ ಒಳ್ಳೆಯ ಹೊತ್ತು.

ಮುಂದೆ ಏರ್‌ಬ್ರಷ್ ಕೊಳ್ಳುವವರಿದ್ದರೆ ಒಂದು ಮಾತು. ಗಾಳಿಯನ್ನು ಒತ್ತಿದಾಗ ಅದರಲ್ಲಿದ್ದ ತೇವ ನೀರಾಗಿ ಇಳಿಯುತ್ತದೆ. ಕಂಪ್ರೆಸರ್ ಟ್ಯಾಂಕಿನ ತಿರುಪು ಸಡಿಲಿಸಿ ದಿನಾ ನೀರು ಬಿಡಬೇಕು. ಪೈಪಿನ ನಡುವೆ ಅಥವಾ ಬ್ರಷ್ಷಿನ ಹತ್ತಿರ ನೀರು ಹಿಡಿದಿಡುವ ಇನ್ನೊಂದು ವಾಟರ್ ಟ್ರ್ಯಾಪ್ ಬೇಕು. ಕಂಪ್ರೆಸರ್‌ಗೆ ಅಂಟಿಕೊಂಡಿರುವ ಟ್ರ್ಯಾಪ್ ಒಂದೇ ಸಾಲುವುದಿಲ್ಲ, ಗಾಳಿ ಪೈಪಿನಲ್ಲಿ ತಣ್ಣಗಾಗುತ್ತಾ ಹೋದಂತೆ ಮತ್ತೆ ನೀರು ಬಿಡುತ್ತದೆ.

ಕಾಕ್‌ಪಿಟ್ ಗಾಜಿನ ಬಿಳಿ ಸೂಪರ್ ಗ್ಲೂ ಹೊಗೆ. ತೇವ ಇದ್ದಷ್ಟೂ ಅದು ಬೇಗ ಹಿಡಿಯುತ್ತದೆ, ಅದರ ಆವಿ ಸುತ್ತಲೂ ಬೆಳ್ಳಗೆ ಕೂರುತ್ತದೆ. ಹತ್ತಿಕಡ್ಡಿಗೆ ಒಂದು ಹನಿ ಎಣ್ಣೆ ಮುಟ್ಟಿಸಿ ಒರೆಸಿ ನೋಡಿ, ಮಾಯವಾಗುತ್ತದೆ. ಮುಂದೆ ಗಾಜಿಗೆ ಪಾರದರ್ಶಕವಾಗಿ ಒಣಗುವ ನೀರಿನ ಗೋಂದು ಹಾಕಿ. ಬಿಳಿ ಗೋಂದು ಗಾಜಿಗೆ ಒಳ್ಳೆಯದೇ. ಸೀಸದ ಪಕ್ಕ ಮಾತ್ರ ಬೇಡ.

ಸ್ಟ್ಯಾಂಡಿನ ಮೇಲಿನ ಹತ್ತಿಯಂಥದ್ದು ಮಾತ್ರ ನಿಜವಾದ ಬೂಷ್ಟು. ಅದು ನಿಮ್ಮ ವಿಮಾನವನ್ನು ತಿನ್ನುತ್ತಿಲ್ಲ. ಈ ಕಿಟ್‌ಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನವು. ಮನೆಯ ಬೂಷ್ಟಿಗೆ ಅದರಲ್ಲಿ ಊಟವಿಲ್ಲ. ರಟ್ಟು, ಧೂಳು, ಬೆರಳಿನ ಜಿಡ್ಡು, ಡೆಕಾಲ್ ಗೋಂದು, ಇದರ ಮೇಲೆ ಅದು ಬದುಕುತ್ತದೆ. ನಿಮ್ಮ ಸ್ಟ್ಯಾಂಡ್ ರಟ್ಟಿನದು ಅಂತ ಫೋಟೊದಲ್ಲೇ ಕಾಣುತ್ತದೆ, ಎಸೆಯಿರಿ. ವಿಮಾನಕ್ಕೆ ಸೋಪು ನೀರು ಅದ್ದಿ ಹಿಂಡಿದ ಮೆತ್ತನೆ ಬ್ರಷ್ ಸಾಕು. ಸ್ಯಾನಿಟೈಸರ್ ಹಾಕಿ ಒರೆಸುವ ಅಭ್ಯಾಸ ಕೋವಿಡ್ ಆದಮೇಲೆ ಎಲ್ಲರಿಗೂ ಬಂದಿದೆ. ಅದರ ಸ್ಪಿರಿಟ್ ಅಕ್ರಿಲಿಕ್ ಬಣ್ಣವನ್ನು ಎಬ್ಬಿಸಿಬಿಡುತ್ತದೆ.

ಶಿರಸಿಗೆ ಕಳಿಸುವ ವಿಚಾರ ಓದಿ ನಕ್ಕೆ. ನಾನು ಈ ಉತ್ತರ ಬರೆಯುತ್ತಿರುವುದು ಶಿರಸಿಯಲ್ಲಿ ಕೂತೇ. ಇಲ್ಲಿ ಉಪ್ಪಿಲ್ಲ, ನಿಜ. ಆದರೆ ಆಷಾಢದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ತಂಗಿಯ ಮನೆಗೆ ನೀವು ಹೋಗಿ ಬನ್ನಿ, ವಿಮಾನ ಕೋಡಿಬಾಗದಲ್ಲೇ ಇರಲಿ.

ನಿಮ್ಮ ಮನೆಯವರು ಹೇಳಿದ ಬಿಸಿಲಿನ ಮದ್ದು ಅರ್ಧ ಸರಿ. ಅದು ವಾರ್ನಿಶ್ ಹಳದಿಗೆ ಸಂಬಂಧಿಸಿದ್ದು. ಬಾಗಿಲಿನ ವಾರ್ನಿಶ್ ಎಣ್ಣೆ ಮೂಲದ್ದು. ಆ ಜಾತಿಯ ವಾರ್ನಿಶ್ ಕತ್ತಲಲ್ಲಿ ಇಟ್ಟಷ್ಟೂ ಹಳದಿಯಾಗುತ್ತದೆ. ಬೆಳಕು ಕಂಡರೆ ಸ್ವಲ್ಪ ತಿಳಿಯಾಗುವುದೂ ಉಂಟು. ನೀವು ಬಣ್ಣ ಮಾಸದಿರಲಿ ಅಂತ ಬಾಗಿಲು ಹಾಕಿದ ಕಪಾಟಿನಲ್ಲಿ ಇಟ್ಟಿದ್ದಿರಿ. ಅದೇ ತಿರುಗುಬಾಣವಾಯಿತು. ಹಾಗಂತ ನೇರ ಬಿಸಿಲಿಗೆ ಇಟ್ಟರೆ ಡೆಕಾಲ್‌ನ ಕೆಂಪು ಮಾಸುತ್ತದೆ, ಪ್ಲಾಸ್ಟಿಕ್ ತಾನೇ ಹಳದಿಯಾಗುತ್ತದೆ, ತೆಳು ರೆಕ್ಕೆ ಬಾಗುತ್ತದೆ. ಉತ್ತರದ ಕಿಟಕಿಯ ಬೆಳಕು ಬೀಳುವ ಕಡೆ ಇಡಿ, ಕೆಲವು ತಿಂಗಳು ನೋಡಿ. ಪೂರ್ತಿ ಬಿಳಿ ಆಗದು. ವಾರ್ನಿಶ್ ತೆಗೆಯಲು ಹೋದರೆ ಕೆಳಗಿನ ಡೆಕಾಲ್ ಜೊತೆಗೇ ಬರುತ್ತದೆ. ಹಾಗಾಗಿ ನಾನು ಅದನ್ನು ಮುಟ್ಟುವುದಿಲ್ಲ. ಬಿಸಿಲು, ಹೊಗೆ, ಧೂಳಿನಲ್ಲಿ ದುಡಿದ ವಿಮಾನ ಹಲ್ಲಿನಷ್ಟು ಬಿಳಿ ಇರಬೇಕಾಗಿಯೂ ಇಲ್ಲ ಅಲ್ವಾ?

ಡೆಕಾಲ್ ಸುತ್ತ ಬೆಳ್ಳಿ ನೆರಳು ಅಂದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ. ಬಣ್ಣ ತರಿತರಿಯಾಗಿದ್ದಾಗ ಡೆಕಾಲ್ ತಗ್ಗುಗಳಿಗೆ ಇಳಿಯುವುದಿಲ್ಲ, ದಿಬ್ಬಗಳ ಮೇಲೆ ಚಾಪೆ ಹಾಸಿದಂತೆ ನಿಲ್ಲುತ್ತದೆ. ಅದಕ್ಕೇ ಡೆಕಾಲ್‌ಗೆ ಮೊದಲು ಹೊಳಪಿನ ಪದರ (ಗ್ಲಾಸ್ ಕೋಟ್) ಬೇಕು, ಆಮೇಲೆ ಹಾಕಿದರೆ ಸಾಲದು. ಈಗ ಆಗಿರುವುದಕ್ಕೆ, ವಾರ್ನಿಶ್ ಇಲ್ಲದ ಕಡೆ, ಸಣ್ಣ ಸೂಜಿಯಿಂದ ನೆರಳಿನ ಮೇಲೆ ಚುಚ್ಚಿ ಮೈಕ್ರೋ ಸಾಲ್ ಥರದ ಮೆತ್ತಗೆ ಮಾಡುವ ದ್ರಾವಣ ಒಂದು ಹನಿ ಇಡಿ. ಹಚ್ಚಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಬೆರಳಿನಿಂದ ಒತ್ತಬೇಡಿ, ಹರಿಯುತ್ತದೆ. ಬಿಟ್ಟುಬಿಡಿ. ಒಣಗುತ್ತಾ ತಾನೇ ಮೈಗಂಟಿಕೊಳ್ಳುತ್ತದೆ.

ಇನ್ನು ಇಡುವ ಕಪಾಟು. ಈ ಉತ್ತರದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ ಅನ್ನುತ್ತೇನೆ. ಅರ್ಧಂಬರ್ಧ ಮುಚ್ಚಿದ ಕಪಾಟು ಎಲ್ಲಕ್ಕಿಂತ ಕೆಟ್ಟದ್ದು. ತೇವ ಒಳಗೆ ಹೋಗುತ್ತದೆ, ಗಾಳಿಯಾಡದೆ ಅಲ್ಲೇ ಕೂರುತ್ತದೆ. ಒಂದೋ ಗಾಳಿಯಾಡುವ ತೆರೆದ ಶೆಲ್ಫ್, ವಾರಕ್ಕೊಮ್ಮೆ ಮೆತ್ತನೆ ಬ್ರಷ್. ಇಲ್ಲವೇ ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿ ಬಿಗಿಯಾಗಿ ಮುಚ್ಚುವ ಗಾಜಿನ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಬೇಡ. ಬಣ್ಣ ತಿರುಗಿದಾಗ ಅದಕ್ಕೇ ಅಂತ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ಸಂದಿ ಇರುವ ಪೆಟ್ಟಿಗೆಯಲ್ಲಿ ಜೆಲ್ ಇಟ್ಟರೆ ಸುಮ್ನೆ ದುಡ್ಡು ದಂಡ, ಅದು ಇಡೀ ಕಾರವಾರದ ತೇವ ಹೀರಲು ಹೊರಡುತ್ತದೆ. ಕ್ಯಾಮೆರಾ ಇರುವವರು ಕೊಳ್ಳುವ ಡ್ರೈ ಕ್ಯಾಬಿನೆಟ್ (ಒಳಗಿನ ತೇವವನ್ನು ತಾನೇ ಕಡಿಮೆ ಇಡುವ ವಿದ್ಯುತ್ ಪೆಟ್ಟಿಗೆ) ಒಳ್ಳೆಯದು. ಆದರೆ ನಿಮ್ಮ 707ರ ಉದ್ದ ಸುಮಾರು 32 ಸೆಂಟಿಮೀಟರ್, ರೆಕ್ಕೆಯ ಹರವು 30ಕ್ಕೂ ಜಾಸ್ತಿ, ಚಿಕ್ಕದರಲ್ಲಿ ಹಿಡಿಸುವುದಿಲ್ಲ.

ಹಿಂದಿನವರು ಬಟ್ಟೆಯ ಕಪಾಟಿನಲ್ಲಿ ಬಲ್ಬ್ ಉರಿಸುತ್ತಿದ್ದರು. ತೇವಕ್ಕೆ ಕೆಲಸ ಮಾಡುತ್ತದೆ, ನಿಜ. ಪ್ಲಾಸ್ಟಿಕ್ ವಿಮಾನಕ್ಕೆ ಬೇಡ. ಪಾಲಿಸ್ಟೈರೀನ್ ನೂರು ಡಿಗ್ರಿಯ ಹತ್ತಿರ ಮೆತ್ತಗಾಗುವುದು. ಆದರೆ ಎಂಜಿನ್ ಹೊತ್ತ ತೆಳು ರೆಕ್ಕೆ ಬಲ್ಬಿನ ಪಕ್ಕ ತಿಂಗಳುಗಟ್ಟಲೆ ಇದ್ದರೆ ಅದಕ್ಕೆ ಬಹಳ ಮೊದಲೇ ಜೋತುಬೀಳುತ್ತದೆ. ಹೊಸ ಪೆಟ್ಟಿಗೆ ಮಾಡಿಸಿದರೆ ಗಾಜು ಅಂಟಿಸಿದ ಸಿಲಿಕೋನನ್ನು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದೂ ಅಸಿಟಿಕ್ ಆಮ್ಲವೇ. ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆಗೆದಿಡಿ. ಹೊಸ ಪ್ಲೈವುಡ್, ಎಂಡಿಎಫ್ ಹಲಗೆಗೂ ಇದೇ ಮಾತು.

ನೀವು ಕೇಳದ ಎರಡು ವಿಷಯ ಹೇಳಿಬಿಡುತ್ತೇನೆ. ಮೊದಲನೆಯದು ಎಂಜಿನ್. ನೀವು 1960ರ ಮೊದಲ ತಂಡದ 707 ಅಂತ ಬರೆದಿದ್ದೀರಿ. ಆ ವಿಮಾನಗಳು 707-437, ಅವಕ್ಕೆ ರೋಲ್ಸ್‌ರಾಯ್ಸ್ ಕಾನ್ವೇ ಎಂಜಿನ್. ಅದರ ಕವಚ ಮುಂದಿನಿಂದ ಹಿಂದಿನವರೆಗೆ ಒಂದೇ ಸಮ ನುಣುಪು, ಹಿಂದಿನ ಬಾಯಿಯಲ್ಲಿ ಹೂವಿನ ಎಸಳಿನಂಥ ಮಡಿಕೆ. ನಿಮ್ಮ ಫೋಟೊದಲ್ಲಿರುವುದು ಮುಂಭಾಗ ದಪ್ಪಗಿರುವ ಪ್ರಾಟ್ ಆಂಡ್ ವಿಟ್ನಿ ಜೆಟಿ3ಡಿ. ಏರ್ ಇಂಡಿಯಾದ ಆಮೇಲಿನ 707-337ಗಳಿಗೆ ಇದ್ದದ್ದು ಅದು. (ಕೊನೆಯ 37 ಏರ್ ಇಂಡಿಯಾಕ್ಕೆ ಬೋಯಿಂಗ್ ಕೊಟ್ಟ ಗಿರಾಕಿ ಸಂಖ್ಯೆ. 747-237ರಲ್ಲೂ ಅದೇ ಇದೆ.) ಅಪ್ಪ ಎರಡನ್ನೂ ನೋಡಿರಬಹುದು, ತಪ್ಪೇನಿಲ್ಲ. ಆದರೆ ನೋಂದಣಿ ಅಕ್ಷರ ಒಂದರದು, ಎಂಜಿನ್ ಇನ್ನೊಂದರದು ಆದರೆ ತಿಳಿದವರು ಮೊದಲು ಅಲ್ಲಿಗೇ ಕಣ್ಣು ಹಾಕುತ್ತಾರೆ. ಎಂಜಿನ್ ಬದಲಿಸುವುದಕ್ಕಿಂತ ನೋಂದಣಿ ಅಕ್ಷರ, ಹೆಸರು ಬದಲಿಸುವುದು ಸುಲಭ.

ಎರಡನೆಯದು ರೆಕ್ಕೆಯಲ್ಲಿ ತಗಡು ಸೇರುವ ಗೆರೆಗಳಿಗೆ ನೀವು ತುಂಬಿರುವ ಕಪ್ಪು. ವಿಡಿಯೊ ನೋಡಿ ಕಲಿತದ್ದಿರಬೇಕು. ಕಿಟ್‌ನಲ್ಲಿ 0.3 ಮಿಲಿಮೀಟರ್ ಗೆರೆ ಅಂದರೆ ನಿಜವಾದ ವಿಮಾನದಲ್ಲಿ ನಾಲ್ಕು ಸೆಂಟಿಮೀಟರ್‌ಗೂ ದೊಡ್ಡ ಸಂದಿ. ಅಷ್ಟು ಸಂದಿ ಇದ್ದರೆ ಯಾರು ಹತ್ತುತ್ತಿದ್ದರು! ನಂಬಿಕೆ ಬರದಿದ್ದರೆ ಟಾಗೋರ್ ಕಡಲತೀರಕ್ಕೆ ಹೋಗಿ. ಚಪಲ್ ಯುದ್ಧನೌಕೆಯ ಪಕ್ಕ ನೌಕಾಪಡೆಯ ಟುಪೊಲೆವ್ 142 ಇಟ್ಟಿದ್ದಾರಲ್ಲ, ಅದರಿಂದ ಇಪ್ಪತ್ತು ಹೆಜ್ಜೆ ದೂರ ನಿಂತು ತಗಡಿನ ಗೆರೆ ಹುಡುಕಿ. ಅದು ಪ್ರಯಾಣಿಕರ ವಿಮಾನ ಅಲ್ಲ, ಜೆಟ್ಟೂ ಅಲ್ಲ, ಪ್ರೊಪೆಲರ್ ತಿರುಗಿಸುವ ಟರ್ಬೊಪ್ರಾಪ್. ಆದರೆ ದೊಡ್ಡ ವಿಮಾನದ ಮೈ ಹೇಗೆ ಕಾಣುತ್ತದೆ ಅಂತ ಕಲಿಯಲು ನಿಮ್ಮ ಮನೆಗೆ ಇಷ್ಟು ಹತ್ತಿರ ಇನ್ನೇನು ಬೇಕು? ಕಪ್ಪಿನ ಬದಲು ತಿಳಿ ಬೂದು ಹಾಕಿ. ರೆಕ್ಕೆಯಲ್ಲಿ ಅಲುಗಾಡುವ ಭಾಗಗಳ ಗೆರೆ ಮಾತ್ರ ಸ್ವಲ್ಪ ಗಾಢ ಇರಲಿ. ಬಿಡುವಿದ್ದರೆ ಗೋವಾದ ಬೋಗ್ಮಾಳೊದಲ್ಲಿರುವ ನೌಕಾ ವಿಮಾನ ಮ್ಯೂಸಿಯಮ್‌ಗೂ ಹೋಗಿ ಬನ್ನಿ. ಅಲ್ಲಿರುವ ಸೂಪರ್ ಕಾನ್‌ಸ್ಟೆಲೇಶನ್ 707 ಬರುವ ಮೊದಲು ಏರ್ ಇಂಡಿಯಾದಲ್ಲೇ ಹಾರುತ್ತಿದ್ದದ್ದು.

ಈಗ 747. ಟೇಪ್ ಹಿಡಿದು ಕಪಾಟು ಅಳೆಯಿರಿ. ನಿಜವಾದ 747-200ರ ಉದ್ದ 70 ಮೀಟರಿಗಿಂತ ಸ್ವಲ್ಪ ಜಾಸ್ತಿ. 1/144ರಲ್ಲಿ 49 ಸೆಂಟಿಮೀಟರ್, ರೆಕ್ಕೆ 41. 1/200ರಲ್ಲಿ ಉದ್ದ 35, ನಿಮ್ಮ 707ರ ಪಕ್ಕ ಹಿಡಿಸುತ್ತದೆ, ಆದರೆ ಪಕ್ಕಪಕ್ಕ ಇಟ್ಟರೆ ಎರಡರ ಅಳತೆ ಬೇರೆ ಅಂತ ಕಣ್ಣಿಗೆ ಹೊಡೆಯುತ್ತದೆ. ಜಾಗ ಇದ್ದರೆ 1/144ಕ್ಕೇ ಹೋಗಿ. ಚಕ್ರವೇ ಹದಿನೆಂಟಿವೆ, ತಾಳ್ಮೆ ಇರಲಿ. 1971ರಲ್ಲಿ 747 ಬಂದಾಗ ಏರ್ ಇಂಡಿಯಾ ಪ್ರತಿ ಕಿಟಕಿಗೂ ಕೆಂಪು ಝರೋಖಾ (ರಾಜಸ್ಥಾನದ ಅರಮನೆ ಕಿಟಕಿ) ಕಮಾನು ಬರೆಸಿತ್ತು. ಡೆಕಾಲ್‌ನಲ್ಲಿ ಅದು ಒಡಲಿನುದ್ದಕ್ಕೂ ಒಂದೇ ಪಟ್ಟಿಯಾಗಿ ಬರುತ್ತದೆ. ಅದನ್ನು ಒಂದೇ ತುಂಡಾಗಿ ಅಂಟಿಸುವ ಸಾಹಸ ಬೇಡ. ನೀರಿನಿಂದ ಎತ್ತುವಾಗ ತಿರುಚಿಕೊಂಡರೆ ಬಿಡಿಸಲಾಗದು. ಬಾಗಿಲು ಬರುವ ಕಡೆಗಳಲ್ಲಿ ಕತ್ತರಿಸಿ ಮೂರು-ನಾಲ್ಕು ತುಂಡು ಮಾಡಿಕೊಳ್ಳಿ. ಕತ್ತರಿಸಿದ ಗೆರೆ ಬಾಗಿಲ ಗೆರೆಯಲ್ಲೇ ಅಡಗಿಹೋಗುತ್ತದೆ. ಮಧ್ಯದ ತುಂಡನ್ನು ಮೊದಲು ಕೂರಿಸಿ, ಆಮೇಲೆ ಎರಡೂ ಕಡೆ ಮುಂದುವರಿಯಿರಿ.

ಹಳೆಯ ಡಬ್ಬಿ ಕೊಂಡರೆ ಡೆಕಾಲ್ ಹಾಳೆಯ ಮೇಲೆ ಭರವಸೆ ಇಡಬೇಡಿ. ಬೇಡದ ಒಂದು ಚಿಕ್ಕ ಗುರುತನ್ನು ನೀರಿಗೆ ಹಾಕಿ ಪರೀಕ್ಷಿಸಿ. ಚೂರಾದರೆ ಉಳಿದದ್ದಕ್ಕೆ ಡೆಕಾಲ್ ಫಿಲ್ಮ್ ದ್ರಾವಣ ಬಳಿದು ಒಣಗಿಸಿದ ಮೇಲೆ ಬಳಸಿ. ಅಂಚು ಹಳದಿಯಾಗಿದ್ದರೆ ಜಿಪ್ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ. ಹಳದಿ ಇಳಿಯುತ್ತದೆ, ದಿನಾ ನೋಡುತ್ತಿರಿ, ಕೆಂಪೂ ಇಳಿಯುವ ಮೊದಲು ತೆಗೆಯಿರಿ. ಹಾಳೆ ಕೈಗೆ ಬಂದ ದಿನವೇ, ಯಾವ ಪರೀಕ್ಷೆಗೂ ಮೊದಲು, ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ. ಹಾಳಾದ ತುಂಡನ್ನು ಮತ್ತೆ ಪ್ರಿಂಟ್ ಹಾಕಿಸಬಹುದು. ಸಾಮಾನ್ಯ ಪ್ರಿಂಟರ್‌ಗೆ ಬಿಳಿ ಬರುವುದಿಲ್ಲ, ಹಾಗಾಗಿ ಬಿಳಿ ಇರುವ ಗುರುತುಗಳಿಗೆ ಬಿಳಿ ಡೆಕಾಲ್ ಹಾಳೆ, ಉಳಿದದ್ದಕ್ಕೆ ಪಾರದರ್ಶಕ ಹಾಳೆ ತರಿಸಿ.